ಜೀವಂತ ಜಠರದೊಳಗೆ ಇಣುಕಿದ ವೈದ್ಯ ವಿಲಿಯಂ ಬ್ಯೂಮಾಂಟ್

ಮಾನವ ಶರೀರದ ಒಳಾಂಗಗಳನ್ನು ವೈದ್ಯಶಾಸ್ತ್ರ ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತದೆ. ಯಕೃತ್ತು, ಮೂತ್ರಪಿಂಡ, ಗುಲ್ಮ ಮೊದಲಾದವು ಅಂಗಾಂಶದಿಂದ ಇಡಿಯಾಗಿ ತುಂಬಿಕೊಂಡಿರುವ ಘನ ಅಂಗಗಳು. ಅನ್ನನಾಳ, ಜಠರ, ಕರುಳು, ಪಿತ್ತಕೋಶ, ಮೂತ್ರಕೋಶ, ಗರ್ಭಾಶಯ ಮೊದಲಾದವು ಟೊಳ್ಳು ಅಂಗಗಳು. ಹೊರಗೆ ಸ್ನಾಯುವಿನ ಗೋಡೆ, ಒಳಗೆ ಲೋಳೆಪೊರೆ, ನಡುವೆ ಬರಿದಾದ ಅವಕಾಶ. ತುಂಬಿಕೊಳ್ಳುವುದು, ಹಿಡಿದಿಟ್ಟುಕೊಳ್ಳುವುದು, ಹೊತ್ತು ಬಂದಾಗ ಮುಂದಕ್ಕೆ ತಳ್ಳುವುದು ಇವುಗಳ ಸಮಾನ ಧರ್ಮ. ಈ ಅಂಗಗಳನ್ನು ಅರಿಯಲು ಹೊರಟವರಿಗೆ ಶತಮಾನಗಳ ಕಾಲ ಒಂದೇ ತೊಡಕು ಎದುರಾಗುತ್ತಿತ್ತು. ಶವವನ್ನು ಕೊಯ್ದು ನೋಡಿದರೆ ಗೋಡೆ ಕಾಣುತ್ತಿತ್ತೇ ಹೊರತು ಗೋಡೆ ಮಾಡುತ್ತಿದ್ದ ಕೆಲಸ ಕಾಣುತ್ತಿರಲಿಲ್ಲ.

ಇಂದು ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಸಾಮಾನ್ಯ ಆಸ್ಪತ್ರೆಯೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ಎಂಡೋಸ್ಕೋಪಿ ಮುಗಿಸಿ ಜಠರದ ಒಳಗೋಡೆಯ ಚಿತ್ರವನ್ನು ರೋಗಿಯ ಕೈಗೆ ಕೊಡಲಾಗುತ್ತದೆ. ಎರಡು ಶತಮಾನಗಳ ಹಿಂದೆ ಎಕ್ಸ್‌ರೇ ಇರಲಿಲ್ಲ, ಎಂಡೋಸ್ಕೋಪ್ ಇರಲಿಲ್ಲ, ಅರಿವಳಿಕೆಯೂ ಇರಲಿಲ್ಲ. ಅಂಥ ಕಾಲದಲ್ಲಿ ಅಮೆರಿಕದ ಗಡಿಕೋಟೆಯೊಂದರ ಸೇನಾ ವೈದ್ಯನೊಬ್ಬ ಬದುಕಿರುವ ಮನುಷ್ಯನ ಜಠರದೊಳಗೆ ವರ್ಷಗಟ್ಟಲೆ ಇಣುಕಿ ನೋಡಿದ. ಅದು ಆಹಾರವನ್ನು ಹೇಗೆ ಕರಗಿಸುತ್ತದೆಂಬುದನ್ನು ಗಡಿಯಾರ ಹಿಡಿದು ಬರೆದಿಟ್ಟ. ಆತನೇ ಜೀರ್ಣಕ್ರಿಯಾ ವಿಜ್ಞಾನದ ಆದ್ಯರಲ್ಲಿ ಒಬ್ಬನೆಂದು ಖ್ಯಾತನಾದ ವಿಲಿಯಂ ಬ್ಯೂಮಾಂಟ್. ಆತನ ಕೀರ್ತಿಯ ಹಿಂದೆ ಮತ್ತೊಬ್ಬ ಮನುಷ್ಯನ ಗಾಯವಿತ್ತು. ಆ ಗಾಯ ಕೊನೆಯವರೆಗೂ ಮುಚ್ಚಲಿಲ್ಲ.

ರೈತನ ಮಗ ವೈದ್ಯನಾದ ಬಗೆ

ಬ್ಯೂಮಾಂಟ್ ಜನಿಸಿದ್ದು 1785ರ ನವೆಂಬರ್ 21ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೆಬನಾನ್ ಎಂಬ ಊರಿನ ರೈತ ಕುಟುಂಬದಲ್ಲಿ. ಹೊಲದ ಕೆಲಸ ಆತನನ್ನು ಹಿಡಿದಿಡಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಕುದುರೆ ಹೂಡಿದ ಹಿಮಗಾಡಿಯೊಂದನ್ನೂ ಅಲ್ಪಸ್ವಲ್ಪ ಹಣವನ್ನೂ ತೆಗೆದುಕೊಂಡು ಉತ್ತರಕ್ಕೆ ಹೊರಟ ಆತ ಕೆನಡಾ ಗಡಿಯ ಸಮೀಪದ ಷಾಂಪ್ಲೇನ್ ಎಂಬ ಊರಿನಲ್ಲಿ ಶಾಲಾ ಮಾಸ್ತರನಾದ. ಪಾಠ ಹೇಳುತ್ತಲೇ ಬಿಡುವಿನಲ್ಲಿ ವೈದ್ಯಗ್ರಂಥಗಳನ್ನು ಓದತೊಡಗಿದ.

ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನು ಬ್ಯೂಮಾಂಟ್ ಹತ್ತಿದವನಲ್ಲ. ಅಂದಿನ ರೂಢಿಯಂತೆ 1810ರಲ್ಲಿ ವರ್ಮಾಂಟ್ ರಾಜ್ಯದ ಸೇಂಟ್ ಆಲ್ಬನ್ಸ್‌ನಲ್ಲಿ ಬೆಂಜಮಿನ್ ಚಾಂಡ್ಲರ್ ಎಂಬ ವೈದ್ಯನ ಬಳಿ ಶಿಷ್ಯವೃತ್ತಿಗೆ ಸೇರಿದ. ಔಷಧ ಅರೆಯುವುದು, ಗಾಯ ಕಟ್ಟುವುದು, ಗುರುವಿನ ಜತೆ ರೋಗಿಗಳ ಮನೆಗೆ ಹೋಗುವುದು, ಕಂಡದ್ದನ್ನು ದಿನಚರಿಯಲ್ಲಿ ಬರೆಯುವುದು, ಇದೇ ಆತನ ವಿದ್ಯಾಭ್ಯಾಸ. ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸ ಮುಂದೆ ಆತನ ಬದುಕಿನ ಬಹುದೊಡ್ಡ ಬಂಡವಾಳವಾಯಿತು.

1812ರಲ್ಲಿ ವೈದ್ಯವೃತ್ತಿಯ ಪರವಾನಗಿ ದೊರೆತ ಹೊತ್ತಿಗೇ ಅಮೆರಿಕ ಮತ್ತು ಬ್ರಿಟನ್ ನಡುವೆ ಯುದ್ಧ ಆರಂಭವಾಯಿತು. ಬ್ಯೂಮಾಂಟ್ ಸೇನೆಯಲ್ಲಿ ಶಸ್ತ್ರವೈದ್ಯನ ಸಹಾಯಕನಾಗಿ ಸೇರಿದ. 1813ರ ಏಪ್ರಿಲ್‌ನಲ್ಲಿ ಯಾರ್ಕ್ (ಇಂದಿನ ಟೊರಾಂಟೊ) ನಗರದ ಮೇಲಿನ ದಾಳಿಯ ವೇಳೆ ಮದ್ದಿನ ಮನೆ ಸ್ಫೋಟಗೊಂಡು ಸೈನಿಕರು ಗುಂಪುಗುಂಪಾಗಿ ಗಾಯಗೊಂಡರು. ಅವರ ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಆತ ನಿದ್ರೆಯಿಲ್ಲದೆ ದುಡಿದ. ಯುದ್ಧ ಮುಗಿದ ಬಳಿಕ 1815ರಲ್ಲಿ ಸೇನೆ ತೊರೆದು ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್‌ನಲ್ಲಿ ಖಾಸಗಿ ವೃತ್ತಿ ನಡೆಸಿದನಾದರೂ, 1819ರಲ್ಲಿ ಮತ್ತೆ ಸೇನೆಗೆ ಮರಳಿದ. ಆಗ ಸೇನೆಯ ಸರ್ಜನ್ ಜನರಲ್ ಆಗಿದ್ದವನು ಜೋಸೆಫ್ ಲೊವೆಲ್. ಆತ ಬ್ಯೂಮಾಂಟ್‌ನನ್ನು ಬಲ್ಲವನಾಗಿದ್ದ. ಮುಂದೆ ಬೆನ್ನಿಗೆ ನಿಂತವನೂ ಆತನೇ.

1820ರಲ್ಲಿ ಬ್ಯೂಮಾಂಟ್‌ಗೆ ಮಿಷಿಗನ್ ಪ್ರಾಂತದ ಮ್ಯಾಕಿನಾ ಕೋಟೆಗೆ ನೇಮಕವಾಯಿತು. ಹ್ಯೂರನ್ ಮತ್ತು ಮಿಷಿಗನ್ ಮಹಾ ಸರೋವರಗಳು ಕೂಡುವೆಡೆಯ ಪುಟ್ಟ ದ್ವೀಪವದು. ದಿಬ್ಬದ ಮೇಲೆ ಕೋಟೆ, ಕೆಳಗೆ ತುಪ್ಪಳದ ವ್ಯಾಪಾರಿಗಳ ಊರು. ಚಳಿಗಾಲವಿಡೀ ಕಾಡಿನಲ್ಲಿ ಬೀವರ್ ಮೊದಲಾದ ಪ್ರಾಣಿಗಳನ್ನು ಬೇಟೆಯಾಡಿದವರು ಬೇಸಿಗೆಯಲ್ಲಿ ದೋಣಿಗಳಲ್ಲಿ ತುಪ್ಪಳ ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದರು. 1821ರಲ್ಲಿ ಪ್ಲಾಟ್ಸ್‌ಬರ್ಗ್‌ನ ಡೆಬೋರಾಳನ್ನು ವಿವಾಹವಾದ ಬ್ಯೂಮಾಂಟ್, ಆಕೆಯನ್ನೂ ಈ ದ್ವೀಪಕ್ಕೆ ಕರೆತಂದ. ಇಡೀ ದ್ವೀಪಕ್ಕೆ ಆತನೊಬ್ಬನೇ ವೈದ್ಯ.

ಜೂನ್ 6ರ ಗುಂಡು

1822ರ ಜೂನ್ 6ರ ಬೆಳಿಗ್ಗೆ ಅಮೆರಿಕನ್ ಫರ್ ಕಂಪನಿಯ ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಯಾರದೋ ಕೈಯಲ್ಲಿದ್ದ ಬಾತುಕೋಳಿ ಬೇಟೆಯ ಬಂದೂಕು ಆಕಸ್ಮಿಕವಾಗಿ ಸಿಡಿಯಿತು. ಒಂದು ಗಜದಷ್ಟೂ ದೂರವಿರದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಎಡಬದಿಗೆ ಗುಂಡಿನ ಚೂರುಗಳು ಹೊಕ್ಕವು. ಆತ ಕಂಪನಿಯ ದೋಣಿಗಳಿಗೆ ಹುಟ್ಟು ಹಾಕಿ ಸರಕು ಹೊರುತ್ತಿದ್ದ ಫ್ರೆಂಚ್ ಕೆನಡಿಯನ್ ಕೂಲಿಗಾರ. ಓದು ಬರಹ ಬಾರದವನು. ವಯಸ್ಸು ಇಪ್ಪತ್ತರ ಆಸುಪಾಸು.

ಬ್ಯೂಮಾಂಟ್ ಓಡಿಬಂದು ನೋಡಿದಾಗ ಅಂಗೈಯಷ್ಟು ಅಗಲದ ಗಾಯವಿತ್ತು. ಪಕ್ಕೆಲುಬುಗಳು ಮುರಿದಿದ್ದವು, ಸುಟ್ಟು ಹರಿದ ಶ್ವಾಸಕೋಶದ ಭಾಗವೊಂದು ಹೊರಚಾಚಿತ್ತು, ವಪೆ ಸೀಳಿತ್ತು, ಜಠರಕ್ಕೆ ತೂತು ಬಿದ್ದಿತ್ತು. ಮಾರ್ಟಿನ್ ಆ ಬೆಳಿಗ್ಗೆ ತಿಂದ ತಿಂಡಿ ಗಾಯದಿಂದ ಹೊರಬರುತ್ತಿತ್ತು. ಗಾಯಾಳು ಬದುಕುವನೆಂಬ ನಂಬಿಕೆ ವೈದ್ಯನಿಗಿರಲಿಲ್ಲ. ಆದರೂ ಗಾಯ ತೊಳೆದು, ಎಲುಬಿನ ಚೂರುಗಳನ್ನು ತೆಗೆದು ಪಟ್ಟಿ ಕಟ್ಟಿದ.

ಮಾರ್ಟಿನ್ ಸಾಯಲಿಲ್ಲ. ಮೊದಲ 17 ದಿನಗಳ ಕಾಲ ಬಾಯಲ್ಲಿ ಹಾಕಿದ್ದೆಲ್ಲ ಗಾಯದಿಂದ ಹೊರಬರುತ್ತಿದ್ದುದರಿಂದ, ಗುದದ್ವಾರದ ಮೂಲಕ ಪೌಷ್ಟಿಕ ದ್ರವ ಕೊಟ್ಟು ಆತನನ್ನು ಉಳಿಸಿಕೊಳ್ಳಬೇಕಾಯಿತು. ಕ್ರಮೇಣ ಆಹಾರ ಒಳಗೆ ನಿಲ್ಲತೊಡಗಿತು. ಆದರೆ ಗಾಯ ಒಣಗಿದ ರೀತಿ ವಿಚಿತ್ರವಾಗಿತ್ತು. ಜಠರದ ತೂತಿನ ಅಂಚು ಎದೆಗೂಡಿನ ಕೆಳಗಿನ ಗಾಯದ ಅಂಚಿಗೆ ಅಂಟಿಕೊಂಡು ಬೆಳೆದು, ಚರ್ಮದಿಂದ ನೇರವಾಗಿ ಜಠರಕ್ಕೆ ಒಂದು ಶಾಶ್ವತ ರಂಧ್ರ ಉಳಿಯಿತು. ಬಟ್ಟೆಯ ಬಿರಡೆ ಇಟ್ಟು ಪಟ್ಟಿ ಕಟ್ಟದಿದ್ದರೆ ಉಂಡದ್ದು ಹೊರಬರುತ್ತಿತ್ತು. ಒಂದೂವರೆ ವರ್ಷದ ಬಳಿಕ ಜಠರದ ಒಳಪೊರೆಯ ಮಡಿಕೆಯೊಂದು ಬೆಳೆದು ಈ ರಂಧ್ರಕ್ಕೆ ಕವಾಟದಂತೆ ಅಡ್ಡ ನಿಂತಿತು. ಒಳಗಿನಿಂದ ಏನೂ ಸೋರುತ್ತಿರಲಿಲ್ಲ. ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತಿತ್ತು.

ರಂಧ್ರದ ಅಂಚನ್ನು ಕೆತ್ತಿ ಹೊಲಿಗೆ ಹಾಕಲು ತಾನು ಸಿದ್ಧನಿದ್ದರೂ ಮಾರ್ಟಿನ್ ಒಪ್ಪಲಿಲ್ಲವೆಂದು ಬ್ಯೂಮಾಂಟ್ ದಾಖಲಿಸಿದ್ದಾನೆ. ಅರಿವಳಿಕೆಯಿಲ್ಲದ ಕಾಲದಲ್ಲಿ ಆ ನಿರಾಕರಣೆ ಅಸಹಜವೇನಲ್ಲ. ವೈದ್ಯನಿಗೆ ನಿಜಕ್ಕೂ ಅದನ್ನು ಮುಚ್ಚುವ ಮನಸ್ಸಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ನಂತರದ ಚರಿತ್ರಕಾರರು ಕೇಳುತ್ತಲೇ ಬಂದಿದ್ದಾರೆ.

ಈ ನಡುವೆ 1823ರಲ್ಲಿ ಸ್ಥಳೀಯ ಆಡಳಿತ ನಿರ್ಗತಿಕ ರೋಗಿಯ ಖರ್ಚನ್ನು ಭರಿಸಲಾಗದೆಂದು, ಮಾರ್ಟಿನ್‌ನನ್ನು ದೋಣಿಯಲ್ಲಿ ಸಾವಿರಾರು ಕಿಲೋಮೀಟರ್ ದೂರದ ಆತನ ಹುಟ್ಟೂರಿಗೆ ಸಾಗಹಾಕಲು ನಿಶ್ಚಯಿಸಿತು. ಆ ಪ್ರಯಾಣವೆಂದರೆ ಸಾವೇ ಸರಿ. ಬ್ಯೂಮಾಂಟ್ ಆತನನ್ನು ತನ್ನ ಮನೆಗೆ ಕರೆದೊಯ್ದ. ಗಾಯ ತೊಳೆದು, ಉಣಿಸಿ, ಬಟ್ಟೆ ಕೊಟ್ಟು ಸಲಹಿದ. ಚೇತರಿಸಿಕೊಂಡ ಮಾರ್ಟಿನ್ ಆ ಮನೆಯ ಕೆಲಸದಾಳಾದ. ಕರುಣೆ, ಋಣ, ಕುತೂಹಲ ಮೂರೂ ಹೆಣೆದುಕೊಂಡ ಸಂಬಂಧ ಅಲ್ಲಿಂದ ಆರಂಭವಾಯಿತು.

ರೇಷ್ಮೆ ದಾರಕ್ಕೆ ಕಟ್ಟಿದ ತುತ್ತು

ಜಠರ ಏನು ಮಾಡುತ್ತದೆ ಎಂಬ ಬಗ್ಗೆ ಅಂದು ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಅದು ಬೀಸುವ ಕಲ್ಲಿನಂತೆ ಅರೆಯುತ್ತದೆ ಎಂದು ಕೆಲವರು, ಒಲೆಯಂತೆ ಬೇಯಿಸುತ್ತದೆ ಎಂದು ಕೆಲವರು, ಹುಳಿಯಿಸುತ್ತದೆ ಎಂದು ಮತ್ತೆ ಕೆಲವರು ನಂಬಿದ್ದರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರೆಯೊಮ್ಯೂರ್, ಇಟಲಿಯ ಸ್ಪಲ್ಲಾಂಜಾನಿ ಇಬ್ಬರೂ ಹಕ್ಕಿ ಮತ್ತಿತರ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಜಠರದಲ್ಲಿ ಆಹಾರ ಕರಗಿಸುವ ರಸವೊಂದಿದೆಯೆಂದು ತೋರಿಸಿದ್ದರು. 1824ರಲ್ಲಿ ಲಂಡನ್ನಿನ ವಿಲಿಯಂ ಪ್ರೌಟ್ ಪ್ರಾಣಿಗಳ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದನ್ನು ವರದಿ ಮಾಡಿದ್ದ. ಆದರೂ ವಾದ ನಿಂತಿರಲಿಲ್ಲ. ಬದುಕಿರುವ ಮನುಷ್ಯನ ಜಠರವನ್ನು ದಿನವೂ ನೋಡುವ ಅವಕಾಶ ಯಾರಿಗೂ ಸಿಕ್ಕಿರಲಿಲ್ಲ.

ಆ ಅವಕಾಶ ತನ್ನ ಮನೆಯಲ್ಲೇ ಇದೆಯೆಂಬುದು ಬ್ಯೂಮಾಂಟ್‌ಗೆ ಹೊಳೆಯಿತು. ಪ್ರಕರಣದ ವಿವರವನ್ನು ಆತ ಲೊವೆಲ್‌ಗೆ ಕಳುಹಿಸಿದ. ಫಿಲಡೆಲ್ಫಿಯಾದ ವೈದ್ಯಪತ್ರಿಕೆಯೊಂದರಲ್ಲಿ 1825ರಲ್ಲಿ ಅದು ಪ್ರಕಟವಾದಾಗ ಲೇಖಕನ ಹೆಸರು ತಪ್ಪಾಗಿ ಲೊವೆಲ್‌ನದ್ದೇ ಆಗಿಬಿಟ್ಟಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ಯೂಮಾಂಟ್ ಪ್ರಯೋಗಗಳಿಗೆ ಕೈಹಾಕಿದ. ನಯಾಗರ ಕೋಟೆಗೆ ವರ್ಗವಾದಾಗ ಮಾರ್ಟಿನ್‌ನನ್ನೂ ಜತೆಗೆ ಕರೆದೊಯ್ದ.

ಆ ಸರಣಿಯ ಮೊದಲ ಪ್ರಯೋಗವೆಂದು ದಾಖಲಾಗಿರುವುದು 1825ರ ಆಗಸ್ಟ್ 1ರದು. ಮಧ್ಯಾಹ್ನ 12 ಗಂಟೆಗೆ ಬ್ಯೂಮಾಂಟ್ ಒಂದು ರೇಷ್ಮೆ ದಾರಕ್ಕೆ ಬೇಯಿಸಿದ ಹಾಗೂ ಹಸಿಯಾದ ಮಾಂಸದ ತುಂಡುಗಳು, ಉಪ್ಪು ಹಾಕಿದ ಹಂದಿಯ ಕೊಬ್ಬು, ಒಣಗಿದ ಬ್ರೆಡ್ಡು, ಹೆಚ್ಚಿದ ಹಸಿ ಎಲೆಕೋಸು ಇವನ್ನು ಅಷ್ಟಷ್ಟು ಅಂತರದಲ್ಲಿ ಕಟ್ಟಿ ರಂಧ್ರದ ಮೂಲಕ ಜಠರದೊಳಕ್ಕೆ ಇಳಿಬಿಟ್ಟ. ಮಾರ್ಟಿನ್ ಎಂದಿನಂತೆ ಮನೆಗೆಲಸದಲ್ಲಿ ತೊಡಗಿದ. ಒಂದು ಗಂಟೆಯ ಬಳಿಕ ದಾರ ಎಳೆದು ನೋಡಿದಾಗ ಎಲೆಕೋಸು ಮತ್ತು ಬ್ರೆಡ್ಡು ಅರ್ಧದಷ್ಟು ಕರಗಿದ್ದವು, ಮಾಂಸ ಹಾಗೆಯೇ ಇತ್ತು. ಎರಡು ಗಂಟೆಯ ಹೊತ್ತಿಗೆ ಎಲೆಕೋಸು, ಬ್ರೆಡ್ಡು, ಹಂದಿಯ ಕೊಬ್ಬು ಹಾಗೂ ಬೇಯಿಸಿದ ಉಪ್ಪು ಮಾಂಸ ದಾರದಿಂದ ಪೂರ್ತಿ ಮಾಯವಾಗಿದ್ದವು. ಅಷ್ಟರಲ್ಲಿ ಮಾರ್ಟಿನ್‌ಗೆ ಎದೆಯಲ್ಲಿ ಸಂಕಟ, ಸುಸ್ತು ಕಾಣಿಸಿಕೊಂಡು ಪ್ರಯೋಗ ನಿಂತಿತು. ಮರುದಿನವೂ ತಲೆನೋವು ಹೋಗಿರಲಿಲ್ಲ. ವೈದ್ಯ ಭೇದಿಯ ಗುಳಿಗೆಗಳನ್ನು ಬಾಯಿಗೆ ಕೊಡದೆ ಅದೇ ರಂಧ್ರದ ಮೂಲಕ ಹಾಕಿದ.

ಆಗಸ್ಟ್ 7ರಂದು ಇನ್ನೂ ಮಹತ್ವದ ಪ್ರಯೋಗ ನಡೆಯಿತು. ಮಾರ್ಟಿನ್ 17 ಗಂಟೆ ಉಪವಾಸವಿದ್ದ. ಬ್ಯೂಮಾಂಟ್ ಉಷ್ಣಮಾಪಕವನ್ನು ಜಠರದೊಳಗೆ ಇಟ್ಟಾಗ ಪಾದರಸ 100 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿ ನಿಂತಿತು. ಆಹಾರವನ್ನು ಬೇಯಿಸಬಲ್ಲ ಬೆಂಕಿ ಅಲ್ಲಿರಲಿಲ್ಲ, ದೇಹದ ಸಹಜ ಬಿಸಿಯಷ್ಟೇ ಇತ್ತು. ಕನ್ನಡದಲ್ಲಿ ಜಠರಾಗ್ನಿ ಎಂಬ ಪದ ಬಳಸುವವರಿಗೆ ಈ ಅಂಕಿ ಕುತೂಹಲಕರವೆನಿಸೀತು. ಬಳಿಕ ಬ್ಯೂಮಾಂಟ್ ಜಠರ ರಸವನ್ನು ಕೊಳವೆಯಿಂದ ಹೊರತೆಗೆದು ಒಂದು ಸೀಸೆಗೆ ತುಂಬಿದ. ಅದರಲ್ಲಿ ಕಿರುಬೆರಳ ಗಾತ್ರದ ಬೇಯಿಸಿದ ಮಾಂಸದ ತುಂಡನ್ನು ಹಾಕಿ, ಸೀಸೆಯನ್ನು ಅಷ್ಟೇ ಬಿಸಿಯ ನೀರಿನಲ್ಲಿ ಇಟ್ಟ. ಅಂಥದ್ದೇ ಇನ್ನೊಂದು ತುಂಡನ್ನು ದಾರಕ್ಕೆ ಕಟ್ಟಿ ಜಠರದೊಳಗೆ ಬಿಟ್ಟ. ಜಠರದಲ್ಲಿ ಮಾಂಸ ಎರಡು ಗಂಟೆಯಲ್ಲಿ ಕರಗಿತು. ಸೀಸೆಯಲ್ಲಿ ಹತ್ತು ಗಂಟೆ ಹಿಡಿಯಿತು. ಆದರೆ ಕರಗಿದ್ದು ನಿಜ.

ಜೀರ್ಣಕ್ರಿಯೆ ದೇಹದ ಹೊರಗೆ, ಗಾಜಿನ ಸೀಸೆಯಲ್ಲೂ ನಡೆಯಬಲ್ಲ ರಾಸಾಯನಿಕ ಕ್ರಿಯೆಯೆಂಬುದು ಮನುಷ್ಯನ ಜಠರ ರಸದಿಂದಲೇ ಸಾಬೀತಾಯಿತು. ಜಠರದಲ್ಲಿ ಅದು ಬೇಗ ನಡೆಯುವುದಕ್ಕೆ ಕಾರಣವೂ ಉಂಟು. ಅಲ್ಲಿ ಗೋಡೆಯ ಸ್ನಾಯು ಆಹಾರವನ್ನು ಕಲಕುತ್ತಿರುತ್ತದೆ, ಹೊಸ ರಸ ಒಸರುತ್ತಲೇ ಇರುತ್ತದೆ, ಕರಗಿದ ಭಾಗ ಮುಂದೆ ಸಾಗುತ್ತಿರುತ್ತದೆ.

ಓಡಿಹೋದವನು, ಮರಳಿ ಬಂದವನು

ಆ ಶರತ್ಕಾಲದಲ್ಲಿ ಪ್ಲಾಟ್ಸ್‌ಬರ್ಗ್‌ಗೆ ಬಂದಿದ್ದಾಗ ಮಾರ್ಟಿನ್ ಹೇಳದೆ ಕೇಳದೆ ಗಡಿ ದಾಟಿ ಕೆನಡಾಕ್ಕೆ ಹೊರಟುಹೋದ. ಅಲ್ಲಿ ಮದುವೆಯಾದ, ಮಕ್ಕಳಾದವು, ಮತ್ತೆ ತುಪ್ಪಳದ ಕಂಪನಿಯ ದೋಣಿ ಹತ್ತಿದ. ಹೊಟ್ಟೆಯಲ್ಲಿ ರಂಧ್ರವಿದ್ದವನು ಹುಟ್ಟು ಹಾಕಿ ಬದುಕು ನಡೆಸಿದ. ಬ್ಯೂಮಾಂಟ್ ನಾಲ್ಕು ವರ್ಷ ಆತನನ್ನು ಹುಡುಕಿಸಿದ. ಕೊನೆಗೆ ತುಪ್ಪಳ ಕಂಪನಿಯವರ ಮೂಲಕ ಪತ್ತೆ ಹಚ್ಚಿ, ತನ್ನ ಖರ್ಚಿನಲ್ಲಿ ಹೆಂಡತಿ ಮಕ್ಕಳ ಸಮೇತ ಸುಮಾರು 3,200 ಕಿಲೋಮೀಟರ್ ದೂರ ಕರೆಸಿಕೊಂಡ. 1829ರಲ್ಲಿ ಮಾರ್ಟಿನ್ ಕುಟುಂಬ ಮಿಸಿಸಿಪ್ಪಿ ನದಿಯ ಮೇಲ್ಭಾಗದ ಕ್ರಾಫರ್ಡ್ ಕೋಟೆ ತಲುಪಿತು. ಬ್ಯೂಮಾಂಟ್ ಆಗ ಅಲ್ಲಿದ್ದ.

1829ರ ಡಿಸೆಂಬರ್‌ನಿಂದ 1831ರ ವಸಂತದವರೆಗೆ ಅಲ್ಲಿ ಎರಡನೆಯ ಸರಣಿಯ ಪ್ರಯೋಗಗಳು ನಡೆದವು. ಹಗಲೆಲ್ಲ ಮಾರ್ಟಿನ್ ಸೌದೆ ಒಡೆದು ಭಾರ ಹೊರುತ್ತಿದ್ದ. ನಡುವೆ ವೈದ್ಯ ಕರೆದಾಗ ಮಲಗಿ ರಂಧ್ರ ತೆರೆಯಬೇಕು. ರಂಧ್ರದ ಕವಾಟವನ್ನು ಒತ್ತಿ ಹಿಡಿದರೆ ಒಳಗೆ ಐದಾರು ಅಂಗುಲದವರೆಗೆ ಕಾಣುತ್ತಿತ್ತು. ಬಿಸಿಲು, ಮೋಡ, ಚಳಿ, ದುಡಿಮೆ, ವಿಶ್ರಾಂತಿ ಇವುಗಳಿಗೆ ತಕ್ಕಂತೆ ಜಠರದ ಉಷ್ಣತೆ ಹೇಗೆ ಬದಲಾಗುತ್ತದೆಂದು ಬ್ಯೂಮಾಂಟ್ ಬರೆದುಕೊಂಡ.

ಆತ ಕಂಡ ಸಂಗತಿಗಳು ಇಂದಿನ ಓದುಗರಿಗೂ ಹತ್ತಿರವಾದವು. ಬರಿದಾದ ಜಠರದ ಒಳಪೊರೆ ತಿಳಿ ಗುಲಾಬಿ ಬಣ್ಣದ್ದು, ಮಖಮಲ್ಲಿನಂತೆ ನುಣುಪಾದದ್ದು, ಮೇಲೆ ತೆಳುವಾದ ಲೋಳೆಯ ಲೇಪ. ಜಠರ ರಸ ಅಲ್ಲಿ ಸದಾ ಶೇಖರವಾಗಿರುವುದಿಲ್ಲ. ಆಹಾರ ಗೋಡೆಗೆ ತಾಗಿದೊಡನೆ ಒಳಪೊರೆ ಕೆಂಪೇರುತ್ತದೆ, ಸಣ್ಣ ಸಣ್ಣ ಹನಿಗಳು ಮೂಡುತ್ತವೆ, ಅವು ಕೂಡಿ ರಸವಾಗಿ ಹರಿಯುತ್ತದೆ. ಒಳಗಿಟ್ಟ ಉಷ್ಣಮಾಪಕದ ಕೊಳವೆಯನ್ನು ಜಠರದ ಕೆಳತುದಿ ಹಿಡಿದೆಳೆದು ಮತ್ತೆ ಸಡಿಲಿಸುತ್ತಿತ್ತು. ಮಾರ್ಟಿನ್ ಸಿಟ್ಟಾಗಿದ್ದಾಗ ಜಠರಕ್ಕೆ ಪಿತ್ತರಸ ನುಗ್ಗಿದ್ದು ಕಾಣುತ್ತಿತ್ತು, ಜೀರ್ಣಕ್ರಿಯೆ ಹದಗೆಡುತ್ತಿತ್ತು. ವಿಪರೀತ ಕುಡಿದ ದಿನಗಳಲ್ಲಿ ಒಳಪೊರೆಯ ಮೇಲೆ ಕೆಂಪು ಮಚ್ಚೆಗಳು, ಹುಣ್ಣುಗಳು ಕಾಣಿಸುತ್ತಿದ್ದವು. ವಿಶೇಷವೆಂದರೆ ಆಗಲೂ ಮಾರ್ಟಿನ್‌ಗೆ ನೋವೇನೂ ಇರುತ್ತಿರಲಿಲ್ಲ. ಜಠರ ಕೆಟ್ಟಿರುವುದು ಅದರ ಒಡೆಯನಿಗೇ ತಿಳಿಯದಿರಬಹುದು ಎಂಬುದು ಅಂದು ಹೊಸ ಮಾತು.

ಯಾವ ಆಹಾರ ಎಷ್ಟು ಹೊತ್ತಿಗೆ ಜಠರ ಬಿಡುತ್ತದೆಂಬ ಪಟ್ಟಿಯೂ ಸಿದ್ಧವಾಯಿತು. ಅದರ ಪ್ರಕಾರ ಅನ್ನಕ್ಕೆ 1 ಗಂಟೆ, ಹಸಿ ಮೊಟ್ಟೆಗೆ 2 ಗಂಟೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಮೂರೂವರೆ ಗಂಟೆ, ಸುಟ್ಟ ಹಂದಿ ಮಾಂಸಕ್ಕೆ 5 ಗಂಟೆ 15 ನಿಮಿಷ.

1831ರಲ್ಲಿ ಹೆಂಡತಿಗೆ ಊರಿನ ಹಂಬಲವಾಗಿ ಮಾರ್ಟಿನ್ ಮತ್ತೆ ಹೊರಟ. ಈ ಸಲ ವೈದ್ಯನ ಒಪ್ಪಿಗೆಯಿತ್ತು. ಕುಟುಂಬವನ್ನು ತೆರೆದ ದೋಣಿಯಲ್ಲಿ ಕೂರಿಸಿಕೊಂಡು ಮಿಸಿಸಿಪ್ಪಿ, ಒಹಾಯೊ ನದಿಗಳು ಹಾಗೂ ಮಹಾ ಸರೋವರಗಳ ದಾರಿಯಾಗಿ ಆತ ಮಾಂಟ್ರಿಯಲ್ ಮುಟ್ಟಿದ.

ಕರಾರುಪತ್ರ ಮತ್ತು ಗ್ರಂಥ

1832ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ಮರಳಿದಾಗ ಬ್ಯೂಮಾಂಟ್ ಎಚ್ಚರಿಕೆಯಿಂದ ಒಂದು ಕರಾರುಪತ್ರ ಮಾಡಿಸಿದ. ಒಂದು ವರ್ಷ ಮಾರ್ಟಿನ್ ವೈದ್ಯನ ಜತೆಗಿದ್ದು ಸೇವೆ ಸಲ್ಲಿಸಬೇಕು, ತನ್ನ ಜಠರದ ಮೇಲಿನ ಪ್ರಯೋಗಗಳಿಗೆ ಒಳಗಾಗಬೇಕು. ಪ್ರತಿಯಾಗಿ ಊಟ, ವಸತಿ, ಬಟ್ಟೆ ಮತ್ತು 150 ಡಾಲರ್. ಅಕ್ಷರ ಬಾರದ ಮಾರ್ಟಿನ್ ರುಜುವಿನ ಜಾಗದಲ್ಲಿ ಗುರುತು ಹಾಕಿದ. ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗಕ್ಕೆ ಲಿಖಿತ ಒಪ್ಪಿಗೆ ಪಡೆದ ತೀರ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಬರೆದುದನ್ನು ಓದಲಾರದವನ, ಬೇರೆ ಆಸರೆಯಿಲ್ಲದವನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಚರ್ಚೆಗೂ ಅದೇ ದಾಖಲೆ ಇಂದು ಉದಾಹರಣೆಯಾಗಿದೆ.

ವಾಷಿಂಗ್ಟನ್ನಿನಲ್ಲಿ ಪ್ರಯೋಗಗಳು ಮುಂದುವರಿದವು. ಲೊವೆಲ್‌ನ ನೆರವಿನಿಂದ ಮಾರ್ಟಿನ್‌ಗೆ ಸೇನೆಯಲ್ಲಿ ಸಾರ್ಜೆಂಟ್ ಹುದ್ದೆ ಕೊಡಿಸಿ ಆತನ ಸಂಬಳದ ಭಾರವನ್ನು ಹಗುರ ಮಾಡಿಕೊಳ್ಳಲಾಯಿತು. ರಸಾಯನಶಾಸ್ತ್ರ ಅರಿಯದ ಬ್ಯೂಮಾಂಟ್ ಜಠರ ರಸದ ಸೀಸೆಗಳನ್ನು ವರ್ಜೀನಿಯಾದ ಪ್ರೊಫೆಸರ್ ರಾಬ್ಲಿ ಡಂಗ್ಲಿಸನ್ ಮತ್ತು ಯೇಲ್‌ನ ಬೆಂಜಮಿನ್ ಸಿಲಿಮನ್ ಅವರಿಗೆ ಕಳುಹಿಸಿದ. ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದು ಖಚಿತವಾಯಿತು. ಆ ಆಮ್ಲವೊಂದೇ ಮಾಂಸವನ್ನು ಹಾಗೆ ಕರಗಿಸಲಾರದು, ಬೇರೇನೋ ಇದೆ ಎಂಬ ಸೂಚನೆಯೂ ಸಿಕ್ಕಿತು. 1836ರಲ್ಲಿ ಜರ್ಮನಿಯ ಥಿಯೊಡೊರ್ ಶ್ವಾನ್ ಆ ಮತ್ತೊಂದನ್ನು ಗುರುತಿಸಿ ಪೆಪ್ಸಿನ್ ಎಂದು ಹೆಸರಿಟ್ಟ.

1833ರಲ್ಲಿ ಪ್ಲಾಟ್ಸ್‌ಬರ್ಗ್‌ನ ಸಣ್ಣ ಮುದ್ರಣಾಲಯದಿಂದ ಬ್ಯೂಮಾಂಟ್‌ನ ಗ್ರಂಥ ಹೊರಬಂತು. 280 ಪುಟಗಳು, ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ವಿವರ, ಕೊನೆಯಲ್ಲಿ 51 ನಿರ್ಣಯಗಳು. ಎಲ್ಲ ನಿರ್ಣಯಗಳೂ ಸರಿಯಿರಲಿಲ್ಲ. ಜೊಲ್ಲಿಗೆ ಆಹಾರವನ್ನು ನೆನೆಸುವುದಕ್ಕಿಂತ ಹೆಚ್ಚಿನ ಪಾತ್ರವಿಲ್ಲವೆಂದು ಆತ ಭಾವಿಸಿದ್ದು ತಪ್ಪು. ಹಸಿವಿಗೆ ಆತ ಕೊಟ್ಟ ಕಾರಣವೂ ನಿಲ್ಲಲಿಲ್ಲ. ಆದರೆ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ಬಿಡಿಸಿ ಬರೆದುದರಿಂದ ಊಹೆಗಳು ಬಿದ್ದುಹೋದರೂ ಅವಲೋಕನಗಳು ಉಳಿದವು. 1834ರಲ್ಲಿ ಜರ್ಮನ್ ಅನುವಾದವೂ 1838ರಲ್ಲಿ ಸ್ಕಾಟ್ಲೆಂಡಿನ ಆವೃತ್ತಿಯೂ ಹೊರಬಂದು ಗಡಿಕೋಟೆಯ ವೈದ್ಯನ ಹೆಸರು ಯೂರೋಪಿನಲ್ಲಿ ಹಬ್ಬಿತು.

ಬರಿಯ ಚೀಲವಲ್ಲ

ಬ್ಯೂಮಾಂಟ್ ಕಂಡದ್ದರ ಅರ್ಥ ಇಂದು ಇನ್ನಷ್ಟು ಸ್ಪಷ್ಟವಾಗಿದೆ. ಜಠರದ ಗೋಡೆಗೆ ನಾಲ್ಕು ಪದರಗಳಿವೆ. ಒಳಗೆ ಲೋಳೆಪೊರೆ, ಅದರ ಹಿಂದೆ ರಕ್ತನಾಳ ಮತ್ತು ನರಗಳಿರುವ ಪದರ, ಬಳಿಕ ಸ್ನಾಯು, ಹೊರಗೆ ನುಣುಪಾದ ತೆಳು ಪೊರೆ. ಜೀರ್ಣನಾಳದ ಉಳಿದ ಭಾಗಗಳಲ್ಲಿ ಸಾಮಾನ್ಯವಾಗಿ ಉದ್ದುದ್ದಕ್ಕೆ ಮತ್ತು ಸುತ್ತಲೂ ಹೀಗೆ ಎರಡು ಸ್ನಾಯು ಪದರಗಳಿದ್ದರೆ, ಜಠರದಲ್ಲಿ ಓರೆಯಾಗಿ ಸಾಗುವ ಮೂರನೆಯದೂ ಇದೆ. ಕಲಕುವ, ಹಿಂಡುವ ಶಕ್ತಿ ಬರುವುದು ಇದರಿಂದಲೇ. ಬರಿದಾದಾಗ ಮಡಿಕೆಗಳಾಗಿ ಮುದುಡಿರುವ ಜಠರ, ಊಟವಾದಾಗ ಒಂದರಿಂದ ಒಂದೂವರೆ ಲೀಟರ್‌ವರೆಗೆ ಹಿಗ್ಗುತ್ತದೆ. ಮಾಂಸವನ್ನೇ ಕರಗಿಸುವ ಆಮ್ಲ ತನ್ನ ಗೋಡೆಯನ್ನು ತಿನ್ನದಂತೆ ಲೋಳೆ ಕಾಯುತ್ತದೆ. ಒಳಪೊರೆಯ ಮೇಲ್ಮೈ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ.

ಹಿಗ್ಗುವ, ಕುಗ್ಗುವ ಗುಣ ಮೂತ್ರಕೋಶಕ್ಕೂ ಇದೆ, ಪಿತ್ತಕೋಶಕ್ಕೂ ಇದೆ, ಗರ್ಭಾಶಯಕ್ಕೂ ಇದೆ. ಈ ಅಂಗಗಳ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಕತ್ತರಿಸಿದರೆ, ಚುಚ್ಚಿದರೆ ಅವುಗಳ ಗೋಡೆಗೆ ಹೆಚ್ಚು ನೋವಾಗುವುದಿಲ್ಲ. ಉಬ್ಬಿದಾಗ ಅಥವಾ ಹಿಡಿದುಕೊಂಡಾಗ ಮಾತ್ರ ನೋವು ತಡೆಯಲಾಗದು. ಹೊಟ್ಟೆ ಹಿಂಡಿದಂತಾಗುತ್ತದೆ ಎಂಬ ಮಾತು ಇಂಥ ಅಂಗಗಳ ನೋವಿಗೆ ಸರಿಯಾಗಿ ಹೊಂದುತ್ತದೆ. ಒಳಗೆ ಕೆಂಪು ಮಚ್ಚೆಗಳಿದ್ದರೂ ಮಾರ್ಟಿನ್‌ಗೆ ತಿಳಿಯದೆ ಹೋದದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಟೊಳ್ಳು ಅಂಗವೆಂದರೆ ಸರಕು ತುಂಬುವ ಚೀಲವಲ್ಲ, ಒಳಬಂದ ವಸ್ತುವಿಗೂ ಹೊರಗಿನ ಮನಸ್ಸಿಗೂ ಸ್ಪಂದಿಸುವ ಜೀವಂತ ಗೋಡೆ ಎಂಬುದನ್ನು ಮನುಷ್ಯನಲ್ಲಿ ಕಣ್ಣಾರೆ ಕಂಡು ಬರೆದ ಕೀರ್ತಿ ಬ್ಯೂಮಾಂಟ್‌ಗೆ ಸಲ್ಲುತ್ತದೆ. ಮುಂದೆ ರಷ್ಯಾದ ಪಾವ್ಲೊವ್ ನಾಯಿಗಳ ಜಠರಕ್ಕೆ ಶಸ್ತ್ರಕ್ರಿಯೆಯಿಂದ ಇಂಥದ್ದೇ ದಾರಿ ಮಾಡಿ ನಡೆಸಿದ ಅಧ್ಯಯನಗಳು 1904ರಲ್ಲಿ ನೊಬೆಲ್ ಪಾರಿತೋಷಕ ತಂದುಕೊಟ್ಟವು.

ಬಾರದೆ ಉಳಿದ ಮಾರ್ಟಿನ್

1834ರಲ್ಲಿ ಮಾರ್ಟಿನ್ ಕೆನಡಾಕ್ಕೆ ಹೋದವನು ಮತ್ತೆ ಬರಲಿಲ್ಲ. ಸಂಶೋಧನೆಗೆ ತಾನು ಮಾಡಿದ ವೆಚ್ಚ ಭರಿಸಿಕೊಡುವಂತೆ ಬ್ಯೂಮಾಂಟ್ ಸಲ್ಲಿಸಿದ ಮನವಿಗೆ ಅಮೆರಿಕದ ಸಂಸತ್ತಿನ ಅಂಗೀಕಾರ ದೊರೆಯಲಿಲ್ಲ. ಅದೇ ವರ್ಷ ಸೇಂಟ್ ಲೂಯಿಗೆ ವರ್ಗವಾಯಿತು. 1836ರಲ್ಲಿ ಲೊವೆಲ್ ತೀರಿಕೊಂಡ. ಹೊಸ ಸರ್ಜನ್ ಜನರಲ್‌ಗೆ ಬ್ಯೂಮಾಂಟ್ ಮೇಲೆ ಒಲವಿರಲಿಲ್ಲ. ಮತ್ತೊಂದು ವರ್ಗಾವಣೆಯ ಆದೇಶ ಬಂದಾಗ ಆತ 1839ರಲ್ಲಿ ರಾಜೀನಾಮೆ ಕೊಟ್ಟು ಸೇಂಟ್ ಲೂಯಿಯಲ್ಲೇ ವೈದ್ಯವೃತ್ತಿ ಮುಂದುವರಿಸಿದ. ವೃತ್ತಿ ಚೆನ್ನಾಗಿಯೇ ನಡೆಯಿತು.

ಪ್ರಯೋಗಗಳ ಹಂಬಲ ಮಾತ್ರ ಹೋಗಲಿಲ್ಲ. ಮಾರ್ಟಿನ್‌ಗೆ ಪತ್ರದ ಮೇಲೆ ಪತ್ರ ಬರೆಸಿದ, ಮಧ್ಯವರ್ತಿಗಳನ್ನು ಕಳುಹಿಸಿದ, ಕೊನೆಗೆ ಮಗನನ್ನೇ ಕೆನಡಾಕ್ಕೆ ಅಟ್ಟಿದ. ಮಾರ್ಟಿನ್ ಬರಲಾರೆನೆಂದು ಕಡ್ಡಿ ಮುರಿದಂತೆ ಹೇಳಲೂ ಇಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಬರುವುದು ಹೇಗೆ, ಕೊಡುವ ಹಣ ಸಾಲದು ಎಂಬ ಉತ್ತರಗಳು ಬರುತ್ತಿದ್ದವು. ಬ್ಯೂಮಾಂಟ್‌ಗೆ ಇದು ಹಠಮಾರಿತನವಾಗಿ, ಕೃತಘ್ನತೆಯಾಗಿ ಕಂಡಿತು. ಆದರೆ ಮಾರ್ಟಿನ್ ಕೇಳುತ್ತಿದ್ದುದು ಅಸಾಧ್ಯವಾದುದನ್ನೇನಲ್ಲ. ಕುಟುಂಬವನ್ನು ಜತೆಗಿಟ್ಟುಕೊಳ್ಳುವ ಅನುಕೂಲ ಮತ್ತು ತನ್ನ ಜಠರಕ್ಕೆ ತಾನೇ ಹೇಳುವ ಬೆಲೆ, ಇಷ್ಟೇ. ಮಾರ್ಟಿನ್‌ನ ಸಿಟ್ಟು ಜಠರದಲ್ಲಿ ಏನು ಮಾಡುತ್ತದೆಂದು ಬರೆದ ವೈದ್ಯನಿಗೆ ಆ ಸಿಟ್ಟಿನ ಕಾರಣ ಕೇಳಬೇಕೆನಿಸಿತೆಂಬ ಸೂಚನೆ ಆ ಗ್ರಂಥದಲ್ಲಿ ಸಿಗುವುದಿಲ್ಲ.

1853ರಲ್ಲಿ ರೋಗಿಯೊಬ್ಬರ ಮನೆಯಿಂದ ಮರಳುವಾಗ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿಬಿದ್ದು ಬ್ಯೂಮಾಂಟ್ ತಲೆಗೆ ಪೆಟ್ಟಾಯಿತು. ಕೆಲ ವಾರಗಳ ಬಳಿಕ, ಏಪ್ರಿಲ್ 25ರಂದು, 67ನೆಯ ವಯಸ್ಸಿನಲ್ಲಿ ಆತ ನಿಧನನಾದ. ಸೇಂಟ್ ಲೂಯಿಯ ಬೆಲ್‌ಫೌಂಟೇನ್ ರುದ್ರಭೂಮಿಯಲ್ಲಿ ಆತನ ಸಮಾಧಿಯಿದೆ.

ಗುಂಡೇಟಿನ ದಿನವೇ ಸಾಯುವನೆಂದು ವೈದ್ಯ ಎಣಿಸಿದ್ದ ಮಾರ್ಟಿನ್, ವೈದ್ಯನಿಗಿಂತ 27 ವರ್ಷ ಹೆಚ್ಚು ಬದುಕಿದ. 1856ರಲ್ಲಿ ಆತನನ್ನು ಅಮೆರಿಕದ ಊರೂರುಗಳಿಗೆ ಕರೆದೊಯ್ದು ರಂಧ್ರವನ್ನು ಪ್ರದರ್ಶಿಸಿದವರೂ ಇದ್ದರು. ಉಳಿದಂತೆ ಆತ ಬಡತನದಲ್ಲೇ ದುಡಿದು ಸಂಸಾರ ನಡೆಸಿ, 1880ರ ಜೂನ್ 24ರಂದು ಕೆನಡಾದ ಕ್ವಿಬೆಕ್ ಪ್ರಾಂತದ ಸೇಂಟ್ ಥಾಮಸ್ ಎಂಬ ಹಳ್ಳಿಯಲ್ಲಿ ತೀರಿಕೊಂಡ. ಆಗ ಮಾಂಟ್ರಿಯಲ್‌ನಲ್ಲಿದ್ದ ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್, ಆ ಜಠರವನ್ನು ಪರೀಕ್ಷಿಸಿ ವಾಷಿಂಗ್ಟನ್ನಿನ ಸೇನಾ ವೈದ್ಯಕೀಯ ಸಂಗ್ರಹಾಲಯದಲ್ಲಿ ಇರಿಸಲು ಬಯಸಿದ್ದ. ಕುಟುಂಬದವರು ಒಪ್ಪಲಿಲ್ಲ. ಬೇಸಿಗೆಯ ಬಿಸಿಯಲ್ಲಿ ದೇಹವನ್ನು ಕೆಲವು ದಿನ ಮನೆಯಲ್ಲೇ ಇಟ್ಟು, ಯಾರಿಗೂ ಉಪಯೋಗಕ್ಕೆ ಬಾರದಂತೆ ಕೊಳೆಯಲು ಬಿಟ್ಟು, ಬಳಿಕ ಎಂಟು ಅಡಿ ಆಳದ ಗುಂಡಿಯಲ್ಲಿ ಮಣ್ಣು ಮಾಡಿದರು. ಬದುಕಿದ್ದಾಗ ಕಂಡವರೆಲ್ಲ ಇಣುಕಿದ ಆ ಜಠರ ಸತ್ತ ಮೇಲಾದರೂ ಆತನದೇ ಆಗಿ ಉಳಿಯಲೆಂಬುದು ಮನೆಯವರ ಹಟವಾಗಿತ್ತು.

1962ರಲ್ಲಿ ಕೆನಡಾದ ಶರೀರಕ್ರಿಯಾ ವಿಜ್ಞಾನಿಗಳ ಸಂಘ ಆ ಹಳ್ಳಿಯ ಚರ್ಚಿನಲ್ಲಿ ಮಾರ್ಟಿನ್ ಸ್ಮರಣೆಗೆ ಫಲಕವೊಂದನ್ನು ಹಾಕಿಸಿತು. ತನ್ನ ನೋವಿನ ಮೂಲಕ ಆತ ಮನುಕುಲಕ್ಕೆ ಸಲ್ಲಿಸಿದ ಸೇವೆಯನ್ನು ಅದು ನೆನೆಯುತ್ತದೆ. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಈಗ ಬ್ಯೂಮಾಂಟ್ ಹೆಸರಿನ ಪಕ್ಕದಲ್ಲಿ ಆ ದೋಣಿ ಕೂಲಿಗಾರನ ಹೆಸರೂ ತಪ್ಪದೆ ಬರುತ್ತದೆ.